ಕುಡುಗೋಲು ಕಣದ ರೋಗವೂ ನಮ್ಮ ಹುಡುಗಿಯರ ತಿಳಿವಳಿಕೆಯೂ

ನೀರಿನಿಂದ ಬರುವ ರೋಗಗಳನ್ನೂ ಸೊಳ್ಳೆಯಿಂದ ಬರುವ ರೋಗಗಳನ್ನೂ ಕುರಿತು ನಮ್ಮ ವಿದ್ಯಾರ್ಥಿನಿಯರು ನಿಸ್ಸಂಕೋಚವಾಗಿ ಮಾತನಾಡುತ್ತಾರೆ. ತಂದೆತಾಯಿಗಳಿಂದ ಬರುವ ರೋಗವನ್ನು ಕುರಿತು ಕೇಳಿದರೆ ಮಾತ್ರ ತಲೆ ತಗ್ಗಿಸುತ್ತಾರೆ. ಆಸ್ಪತ್ರೆಗಳಲ್ಲಿ ಸಿಕಲ್ ಸೆಲ್ ಎಂದು ಕರೆಯಲ್ಪಡುವ ಕುಡುಗೋಲು ಕಣದ ವ್ಯಾಧಿಯು ಈ ವರ್ಗಕ್ಕೆ ಸೇರಿದುದಾಗಿದೆ. ನಮ್ಮ ವಸತಿಗೃಹದಲ್ಲಿ ಹೆಗ್ಗಡದೇವನಕೋಟೆ, ಗುಂಡ್ಲುಪೇಟೆಗಳ ಕಾಡಂಚಿನ ಹಾಡಿಗಳಿಂದ ಬಂದ ಮಕ್ಕಳು ಇರುವುದರಿಂದಲೂ, ಸರಕಾರದವರು ಈಚೆಗೆ ರಕ್ತವನ್ನು ಪರೀಕ್ಷಿಸಿ ಫಲಿತಾಂಶದ ಕಾರ್ಡುಗಳನ್ನು ಕೊಡುತ್ತಿರುವುದರಿಂದಲೂ, ಈ ಸಂಚಿಕೆಯಲ್ಲಿ ಇದನ್ನು ತುಸು ವಿವರಿಸುವುದು ಉಚಿತವೆಂದು ಎಣಿಸಿದೆವು.

ಆರೋಗ್ಯಶಾಸ್ತ್ರದ ತರಗತಿಯಲ್ಲಿ ನಾವು ಒಂದು ಪೆಟ್ಟಿಗೆಯನ್ನಿಟ್ಟು, ಹೆಸರು ಬರೆಯದೆ ಪ್ರಶ್ನೆಗಳನ್ನು ಹಾಕಿರೆಂದು ಹೇಳುವುದುಂಟು. ಈ ರೋಗದ ಪಾಠವಾದ ಮೇಲೆ ಬಂದ ಚೀಟಿಗಳಲ್ಲಿ ರಕ್ತಕಣದ ವಿಚಾರವು ಬಹು ಕಡಮೆ. “ಅವಳು ಕುಡಿದ ಲೋಟದಲ್ಲಿ ನಾವು ಕುಡಿದರೆ ಬರುತ್ತದೆಯೇ?” “ಕಾರ್ಡು ಕೊಟ್ಟವರಿಗೆ ಮದುವೆ ಆಗುವುದಿಲ್ಲವೇ?” ಒಂದು ಚೀಟಿಯಲ್ಲಂತೂ ಬಹಳ ಸಣ್ಣ ಅಕ್ಷರದಲ್ಲಿ, “ನನ್ನ ಅವ್ವನ ರಕ್ತ ಕೆಟ್ಟದ್ದೇ?” ಎಂದು ಬರೆದಿತ್ತು. ಇದೇ ಹುಡುಗಿಯರು ಪರೀಕ್ಷೆಯ ಕಾಗದದಲ್ಲಿ ‘ಅನುವಂಶೀಯ’ ಎಂಬ ಪದವನ್ನು ತಪ್ಪಿಲ್ಲದೆ ಬರೆಯಬಲ್ಲರು. ಪದವು ಬಂದಿತೆಂದ ಮಾತ್ರಕ್ಕೆ ಅರ್ಥವು ಬಂದಿತೆಂದು ಉಪಾಧ್ಯಾಯಿನಿಯರು ನಂಬಕೂಡದು.

ರಕ್ತಕ್ಕೆ ಕೆಂಪು ಬಣ್ಣವನ್ನು ಕೊಟ್ಟು ಉಸಿರಿನ ಆಮ್ಲಜನಕವನ್ನು ದೇಹದಲ್ಲೆಲ್ಲಾ ಹೊತ್ತೊಯ್ಯುವ ಪದಾರ್ಥವು ಹಿಮೋಗ್ಲೋಬಿನ್. ಅದರ ಒಂದು ಸರಪಳಿಯಲ್ಲಿ 146 ಕೊಂಡಿಗಳುಂಟು. ಅವುಗಳ ಪೈಕಿ ಆರನೆಯ ಒಂದೇ ಒಂದು ಕೊಂಡಿಯು ಬದಲಾಗಿರುವುದೇ ಈ ರೋಗದ ಮೂಲವು. ಹೀಗೆ ಬದಲಾದ ಹಿಮೋಗ್ಲೋಬಿನ್ನು ಆಮ್ಲಜನಕವನ್ನು ಬಿಟ್ಟುಕೊಟ್ಟೊಡನೆ ಕಡ್ಡಿಗಳಂತೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ದುಂಡಾಗಿ ಮೆತ್ತಗಿರಬೇಕಾದ ಕಣವು ಪೈರು ಕೊಯ್ಯುವ ಕುಡುಗೋಲಿನಂತೆ ಬಾಗಿ ಬಿರುಸಾಗುತ್ತದೆ. ಒಳ್ಳೆಯ ಕಣವು ಸುಮಾರು 120 ದಿನ ಬಾಳಿದರೆ ಇದು ಹತ್ತಿಪ್ಪತ್ತು ದಿನಗಳಲ್ಲಿಯೇ ಒಡೆದುಹೋಗುವುದು. ಆದಕಾರಣ ರಕ್ತವು ಕಡಮೆಯಾಗಿ ಮುಖವು ಬಿಳಿಚಿಕೊಳ್ಳುವುದು, ಕಣ್ಣು ಹಳದಿಯಾಗುವುದು. ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡಾಗ ಮೂಳೆಗಳಲ್ಲಿಯೂ ಎದೆಯಲ್ಲಿಯೂ ಹೊಟ್ಟೆಯಲ್ಲಿಯೂ ಸಹಿಸಲಸಾಧ್ಯವಾದ ನೋವು ಏಳುತ್ತದೆ. ಹೊರಗಿನಿಂದ ನೋಡುವವರಿಗೆ ಗಾಯವಿಲ್ಲ, ಬಾವಿಲ್ಲ; ಆದುದರಿಂದ ಇಂಥ ಹುಡುಗಿಯನ್ನು ಮನೆಯಲ್ಲಿ ಕಳ್ಳಮೈಯವಳೆಂದೂ ಶಾಲೆಯಲ್ಲಿ ಡ್ರಿಲ್ಲು ತಪ್ಪಿಸಿಕೊಳ್ಳುವವಳೆಂದೂ ಕರೆಯುವುದುಂಟು. ನೋವಿಗಿಂತಲೂ ಈ ಮಾತು ಹೆಚ್ಚಾಗಿ ನಾಟುತ್ತದೆಂದು ಅನುಭವಿಸಿದವರೇ ಹೇಳುತ್ತಾರೆ.

ಈ ಕಣಗಳನ್ನು ಮೊದಲು ವರ್ಣಿಸಿದ ವೈದ್ಯಶಾಸ್ತ್ರದ ಲೇಖನವು ಸಹ ಒಬ್ಬ ವಿದ್ಯಾರ್ಥಿಯನ್ನು ಕುರಿತದ್ದೇ ಆಗಿತ್ತು. ಗ್ರೆನಡಾ ದ್ವೀಪದಿಂದ ದಂತವೈದ್ಯವನ್ನು ಕಲಿಯಲು ಷಿಕಾಗೋ ನಗರಕ್ಕೆ ಬಂದಿದ್ದ ವಾಲ್ಟರ್ ಕ್ಲೆಮೆಂಟ್ ನೋಯಲ್ ಎಂಬ ಯುವಕನ ರಕ್ತದಲ್ಲಿ ಕಂಡುದನ್ನು ಡಾಕ್ಟರ್ ಜೇಮ್ಸ್ ಹೆರಿಕ್ ಅವರು 1910ರಲ್ಲಿ ಪ್ರಕಟಿಸಿದರು. ಆ ಯುವಕನು ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ತನ್ನ ದ್ವೀಪಕ್ಕೆ ಹಿಂದಿರುಗಿ, ದಂತವೈದ್ಯನಾಗಿ ಕೆಲಸ ಮಾಡಿ, 1916ರಲ್ಲಿ ತೀರಿಕೊಂಡನು. ನಮ್ಮ ದೇಶದಲ್ಲಿ 1952ರಲ್ಲಿ ನೀಲಗಿರಿಯ ಗಿರಿಜನರ ರಕ್ತವನ್ನು ಪರೀಕ್ಷಿಸಿದಾಗ ಇದು ಕಂಡುಬಂದಿತು. ಮಧ್ಯ ಭಾರತದ ಅರಣ್ಯಪ್ರಾಂತಗಳಲ್ಲಿ ಇದು ವಿಶೇಷವಾಗಿದ್ದರೂ ನಮ್ಮ ಮೈಸೂರು, ಚಾಮರಾಜನಗರ, ಕೊಡಗು ಸೀಮೆಗಳ ಹಾಡಿಗಳಲ್ಲಿಯೂ ಉಂಟು.

ಕಾಡಿನ ಜನರಲ್ಲಿಯೇ ಏಕೆ, ಇದು ಅವರ ಕುಲಕ್ಕೆ ತಗುಲಿದ ಶಾಪವೇ, ಎಂದು ಕೇಳುವವರುಂಟು. ಇದಕ್ಕೆ ಉತ್ತರವನ್ನು ಆಂಟನಿ ಆಲಿಸನ್ ಎಂಬವರು ಆಫ್ರಿಕದಲ್ಲಿ ಶೋಧಿಸಿ 1954ರಲ್ಲಿ ಪ್ರಕಟಿಸಿದರು. ತಂದೆಯಿಂದಾಗಲಿ ತಾಯಿಯಿಂದಾಗಲಿ ಈ ಗುಣವನ್ನು ಒಂದೇ ಪಾಲು ಪಡೆದ ಮಗುವು ಮಾರಕವಾದ ಮಲೇರಿಯಾ ಜ್ವರಕ್ಕೆ ಸುಲಭವಾಗಿ ಬಲಿಯಾಗುವುದಿಲ್ಲ. ಚಳಿಜ್ವರವು ಮನೆಮನೆಯಲ್ಲಿದ್ದ ಸೀಮೆಗಳಲ್ಲಿ ಅಂಥ ಮಕ್ಕಳು ಉಳಿದುಕೊಂಡು, ತಲೆತಲಾಂತರಕ್ಕೂ ಆ ಗುಣವನ್ನು ದಾಟಿಸಿದರು. ಹಿಂದಿನವರನ್ನು ಉಳಿಸಿದ ಗುಣವೇ ಇದು. ‘ಕೆಟ್ಟ ರಕ್ತ’ ಎಂಬ ಮಾತನ್ನು ನಮ್ಮ ಶಾಲೆಯ ಅಂಗಳದಲ್ಲಿ ಯಾರೂ ಆಡತಕ್ಕದ್ದಲ್ಲ. ಅದು ಕ್ರೂರವಾದುದು ಮಾತ್ರವಲ್ಲ, ಅಬದ್ಧವಾದುದೂ ಹೌದು.

ಒಂದೇ ಪಾಲು ಪಡೆದವರಿಗೆ ವಾಹಕರೆಂದು ಹೆಸರು. ಇವರು ಸಾಮಾನ್ಯವಾಗಿ ಎಲ್ಲರಂತೆಯೇ ಆರೋಗ್ಯವಂತರು. ಓದುವುದಕ್ಕೂ ದುಡಿಯುವುದಕ್ಕೂ ಮಕ್ಕಳನ್ನು ಹೆರುವುದಕ್ಕೂ ಅಡ್ಡಿಯಿಲ್ಲ. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಪಾಲೂ ಕೂಡಿದಾಗ ರೋಗವು. ಆದುದರಿಂದ ಕಾಯಿಲೆಯ ಮಗುವನ್ನು ಹೆತ್ತಳೆಂದು ಸೊಸೆಯನ್ನು ಮಾತ್ರ ದೂರುವ ಅತ್ತೆಯು ತನ್ನ ಮಗನ ಪಾಲನ್ನು ಮರೆತಿದ್ದಾಳೆ.

ತಂದೆತಾಯಿಗಳಿಬ್ಬರೂ ವಾಹಕರಾದರೆ ನಾಲ್ಕರಲ್ಲಿ ಒಂದು ಮಗುವಿಗೆ ರೋಗ ಬರುವ ಸಂಭವವುಂಟೆಂದು ಪುಸ್ತಕದಲ್ಲಿದೆ. ಇದನ್ನೋದಿ, ಮೊದಲನೆಯ ಮಗುವಿಗೆ ಬಂದರೆ ಮುಂದಿನ ಮೂವರು ಪಾರಾದರೆಂದು ತಿಳಿಯುವವರು ಹುಡುಗಿಯರಲ್ಲಿ ಮಾತ್ರವಲ್ಲ, ದೊಡ್ಡವರಲ್ಲಿಯೂ ಅನೇಕರು. ನಾವು ತರಗತಿಯಲ್ಲಿ ಚೌಕಾಬಾರದ ಹುಣಿಸೆಬೀಜಗಳನ್ನು ತರಿಸುತ್ತೇವೆ. ಒಂದು ಮಗ್ಗುಲು ತೇದು ಬಿಳಿಯಾದ ಎರಡು ಬೀಜಗಳು. ಒಂದು ತಂದೆಯದು, ಒಂದು ತಾಯಿಯದು. ಎರಡೂ ಬಿಳಿಯಾಗಿ ಬಿದ್ದರೆ ರೋಗ, ಒಂದೇ ಬಿಳಿಯಾದರೆ ವಾಹಕ, ಎರಡೂ ಕಪ್ಪಾದರೆ ಏನೂ ಇಲ್ಲ. ಪ್ರತಿ ಹುಡುಗಿಯೂ ನಾಲ್ಕು ಸಾರಿ ಹಾಕಬೇಕು. ಒಬ್ಬಳಿಗೆ ಎರಡು ಸಾರಿ ಜೋಡಿ ಬಿಳಿ, ಮತ್ತೊಬ್ಬಳಿಗೆ ಒಂದೂ ಇಲ್ಲ. ಹಿಂದಿನ ಗರ ಏನು ಬಿದ್ದಿತೆಂದು ಬೀಜಗಳಿಗೆ ನೆನಪಿಲ್ಲವೆಂಬುದನ್ನು ಆಗ ಅವರು ತಾವೇ ಕಂಡುಕೊಳ್ಳುತ್ತಾರೆ. ಒಬ್ಬರು ಮಾತ್ರ ವಾಹಕರಾಗಿ ಇನ್ನೊಬ್ಬರಲ್ಲಿ ಯಾವ ದೋಷವೂ ಇಲ್ಲದಿದ್ದರೆ ಜೋಡಿ ಬಿಳಿ ಬೀಳುವಂತೆಯೇ ಇಲ್ಲ. ಮಕ್ಕಳಲ್ಲಿ ಅರ್ಧದಷ್ಟು ಜನ ವಾಹಕರಾಗಬಹುದು, ಅಷ್ಟೇ. ‘ಯಾವ ದೋಷವೂ’ ಎಂದು ನಾವು ಹೇಳಿದುದಕ್ಕೆ ಕಾರಣವುಂಟು. ಥಲಸೀಮಿಯ ಎಂಬ ಇನ್ನೊಂದು ರಕ್ತದೋಷದ ಪಾಲು ಇದರೊಡನೆ ಕೂಡಿದರೂ ಮಗುವಿಗೆ ರೋಗವಾಗುವುದು. ಹಾಡಿಗಳಲ್ಲಿ ಮೊದಲು ಮಾಡುವ ದ್ರಾವಣದ ಪರೀಕ್ಷೆಯು ಅದನ್ನು ತೋರಿಸಲಾರದು, ವಾಹಕರನ್ನೂ ರೋಗಿಗಳನ್ನೂ ಬೇರ್ಪಡಿಸಲೂ ಆರದು. ಆದುದರಿಂದ ಎರಡನೆಯ ಪರೀಕ್ಷೆಯಾಗುವವರೆಗೆ ಯಾರೂ ತೀರ್ಮಾನಕ್ಕೆ ಬರಬಾರದು. ಸೋದರಮಾವನಿಗೂ ಅತ್ತೆಯ ಮಗನಿಗೂ ಹೆಣ್ಣು ಕೊಡುವ ವಾಡಿಕೆಯುಳ್ಳ ಮನೆಗಳಲ್ಲಿ ಒಂದೇ ಪಾಲು ಎರಡು ಕಡೆಯಿಂದಲೂ ಬರುವ ಸಂಭವವು ಹೆಚ್ಚೆಂಬುದನ್ನು ಹಿರಿಯರು ಆಲೋಚಿಸಬೇಕು. ಇದು ಗಿರಿಜನರಿಗೆ ಮಾತ್ರ ಹೇಳುವ ಮಾತಲ್ಲ.

1 ಜುಲೈ 2023ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಭಾರತ ಸರಕಾರವು ಆರಂಭಿಸಿದ ಕಾರ್ಯಕ್ರಮವು, ನಾಲ್ವತ್ತು ವಯಸ್ಸಿನೊಳಗಿನ 7 ಕೋಟಿ ಜನರನ್ನು ಪರೀಕ್ಷಿಸಿ 2047ರೊಳಗೆ ಈ ರೋಗವನ್ನು ನಿವಾರಿಸುವ ಗುರಿಯನ್ನಿಟ್ಟುಕೊಂಡಿದೆ. ಕೆಲಸವು ಶ್ಲಾಘ್ಯವೇ. ಆದರೆ ಪರೀಕ್ಷೆಯು ಸುಲಭ, ಪರೀಕ್ಷೆಯಾದ ಮರುದಿನವು ಕಷ್ಟ. ಗ್ರೀಸ್ ದೇಶದ ಆರ್ಕೊಮೆನೋಸ್ ಎಂಬ ಊರಿನಲ್ಲಿ ಈ ಗುಣವು ಬಹಳವಾಗಿತ್ತು. 1960ರ ದಶಕದಲ್ಲಿ ವೈದ್ಯರು ಊರಿನವರನ್ನು ಪರೀಕ್ಷಿಸಿ ವಾಹಕರಾರೆಂದು ಅವರವರಿಗೆ ತಿಳಿಸಿದರು. ಕೆಲವು ವರ್ಷಗಳ ಮೇಲೆ ಬಂದು ನೋಡಲಾಗಿ, ವಾಹಕರೆಂದರೆ ಹೆಣ್ಣುಗಂಡು ಸಿಕ್ಕುವುದು ಕಷ್ಟವಾಗಿತ್ತು. ಅದಕ್ಕಾಗಿ ಹಲವರು ವಿಷಯವನ್ನು ಮುಚ್ಚಿಟ್ಟು ಮದುವೆಯಾಗಿದ್ದರು. ಮುಚ್ಚಿಟ್ಟುದರಿಂದ ವಾಹಕರು ವಾಹಕರನ್ನೇ ಕೈಹಿಡಿದುದೂ ಉಂಟು. ಅಮೆರಿಕೆಯಲ್ಲಿಯೂ ಇಂಥದೇ. ಅಲ್ಲಿನ ವಾಯುಪಡೆಯ ಅಕಾಡೆಮಿಯು 1981ರವರೆಗೆ ಆರೋಗ್ಯವಂತರಾದ ವಾಹಕರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಸೈಪ್ರಸ್ ದ್ವೀಪದವರು ಥಲಸೀಮಿಯದ ವಿಷಯದಲ್ಲಿ ಹೆಚ್ಚು ಜಾಣತನದಿಂದ ನಡೆದುಕೊಂಡರು. 1983ರಿಂದ ಅಲ್ಲಿನ ಸಭೆಯು ವಿವಾಹಕ್ಕೆ ಮುಂಚೆ ಒಂದು ಪ್ರಮಾಣಪತ್ರವನ್ನು ಕೇಳುತ್ತದೆ. ವಧೂವರರು ಪರೀಕ್ಷೆಯನ್ನೂ ಸಲಹೆಯನ್ನೂ ಪಡೆದಿದ್ದಾರೆಂದು ಮಾತ್ರವೇ ಅದರಲ್ಲಿ ಬರೆದಿರುತ್ತದೆ. ಫಲಿತಾಂಶವು ಆ ಇಬ್ಬರ ಸ್ವತ್ತು. ಪಾದ್ರಿಗಳಿಗೂ ನೆಂಟರಿಗೂ ಅದು ತಿಳಿಯದು. ಅಲ್ಲಿ ಈಗ ಆ ರೋಗದಿಂದ ಹುಟ್ಟುವ ಮಕ್ಕಳು ಅತಿ ವಿರಳ.

ಕಾಯಿಲೆಯಿರುವ ಹುಡುಗಿಯ ಬಾಳು ಮುಗಿಯಿತೆಂದು ತಂದೆತಾಯಿಗಳು ಕೈಬಿಡಬಾರದು. ಹುಟ್ಟಿದ ಮೊದಲ ಕೆಲವು ತಿಂಗಳು ಗರ್ಭದಲ್ಲಿದ್ದಾಗಿನ ಹಿಮೋಗ್ಲೋಬಿನ್ನು ಮಗುವನ್ನು ಕಾಪಾಡುತ್ತದೆ. ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆಯು ಅದೇ ಹಿಮೋಗ್ಲೋಬಿನ್ನನ್ನು ಮತ್ತೆ ಹೆಚ್ಚಿಸಿ ನೋವಿನ ಸರದಿಗಳನ್ನು ಕಡಮೆ ಮಾಡುವುದು; ವೈದ್ಯರ ಅಪ್ಪಣೆಯಂತೆ, ಆಗಾಗ ರಕ್ತವನ್ನು ಪರೀಕ್ಷಿಸಿಕೊಂಡು ತೆಗೆದುಕೊಳ್ಳತಕ್ಕದ್ದು. 2023ರಲ್ಲಿ ಇಂಗ್ಲೆಂಡೂ ಅಮೆರಿಕೆಯೂ ಒಪ್ಪಿದ ಜೀನ್ ಚಿಕಿತ್ಸೆಗೆ ಅಮೆರಿಕೆಯಲ್ಲಿ 22 ಲಕ್ಷ ಡಾಲರು ಬೆಲೆ. ನಮ್ಮ ಹಾಡಿಯ ಮಕ್ಕಳಿಗೆ ಅದು ಆಕಾಶದ ಹಣ್ಣು. ಮಾತ್ರೆಯು ತಪ್ಪದೆ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಕ್ಕಿದರೆ ಸದ್ಯಕ್ಕೆ ಅದೇ ದೊಡ್ಡದು.

ವಸತಿಗೃಹದ ನಮ್ಮ ಏರ್ಪಾಡು ಸಾಮಾನ್ಯವಾದುದು. ಈ ಮಕ್ಕಳು ಪಾಠದ ವೇಳೆಯಲ್ಲಿಯೂ ನೀರು ಕುಡಿಯಬಹುದು, ಹೊರಗೆ ಹೋಗಲು ಎರಡನೆಯ ಸಾರಿ ಅಪ್ಪಣೆ ಕೇಳಬೇಕಾದುದಿಲ್ಲ. ಮಾಗಿಯಲ್ಲಿ ಇನ್ನೊಂದು ಕಂಬಳಿ, ಸ್ನಾನಕ್ಕೆ ಬಿಸಿನೀರು. ಜ್ವರವು ಬಂದರೆ, ಅಥವಾ ಎದೆ ನೋವು, ಉಸಿರಾಟದ ತೊಂದರೆ ಕಂಡರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯುತ್ತೇವೆ. ಪರೀಕ್ಷೆಯ ಕಾರ್ಡುಗಳನ್ನು ತರಗತಿಯಲ್ಲಿ ಹೆಸರು ಕೂಗಿ ಹಂಚುವುದನ್ನು ನಾವು ಒಪ್ಪುವುದಿಲ್ಲ. ಒಬ್ಬೊಬ್ಬಳನ್ನೇ ಕೋಣೆಗೆ ಕರೆದು, ಅರ್ಥವನ್ನು ತಿಳಿಸಿ, ಅವಳ ಕೈಗೇ ಕೊಡುತ್ತೇವೆ. ಊರಿಗೆ ಹೋದಾಗ ಅವ್ವ ಅಪ್ಪ ಇಬ್ಬರಿಗೂ ಕೂಡಿಸಿ ತೋರಿಸೆಂದು ಹೇಳುತ್ತೇವೆ. ಅಕ್ಷರ ಬಾರದ ಮನೆಗಳಲ್ಲಿ ಹುಡುಗಿಯೇ ಓದಿ ಹೇಳಬೇಕಾದುದರಿಂದ, ಹೊರಡುವ ಮುನ್ನ ಒಂದು ಸಾರಿ ನಮ್ಮೆದುರಿಗೆ ಹೇಳಿಸುತ್ತೇವೆ.