ಡೆತ್ ಮೆಟಲ್: ಗದ್ದಲವೋ, ಗಾನವೋ?

ಈ ಲೇಖನದ ಶಿರೋನಾಮೆಯನ್ನು ಕಂಡೊಡನೆಯೇ ಕೆಲವು ಮಿತ್ರರು ಹುಬ್ಬೇರಿಸುವರೆಂಬುದನ್ನು ನಾನು ಬಲ್ಲೆನು. ಕಾಲೇಜಿನ ವಾರ್ಷಿಕ ಸಂಚಿಕೆಗೆ ಪಂಪನನ್ನು ಕುರಿತೋ ಪಂಚಾಯತಿಯನ್ನು ಕುರಿತೋ ಬರೆಯುವುದನ್ನು ಬಿಟ್ಟು ಇವನಿಗೇಕೆ ಈ ಉಸಾಬರಿ ಎಂದು ಅವರು ಕೇಳಬಹುದು. ಹಾಸ್ಟೆಲಿನ ಸ್ನೇಹಿತನೊಬ್ಬನ ಮೊಬೈಲಿನಿಂದ ಈ ಸಂಗೀತ ಮೊದಲ ಸಲ ಕಿವಿಗೆ ಬಿದ್ದಾಗ ‘ನಿಲ್ಲಿಸೋ ಮಾರಾಯ’ ಎಂದವರಲ್ಲಿ ನಾನೂ ಒಬ್ಬ. ರಜೆಗೆ ಊರಿಗೆ ಹೋಗಿದ್ದಾಗ ಅದನ್ನು ಕೇಳಿದ ನಮ್ಮವ್ವ ಒಲೆಯ ಮುಂದಿನಿಂದ ಎದ್ದು ಬಂದು, “ಯಾಕ್ಲಾ ಮಗ, ಆ ಮನುಷ್ಯಂಗೆ ಏನಾಗದೆ?” ಎಂದು ಗಾಬರಿಯಿಂದ ಕೇಳಿದಳು. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಈಗ ಅಲ್ಪಸ್ವಲ್ಪ ಇದೆ.

ಮೆಟಲ್ ಎಂದರೆ ಲೋಹ. ಈ ಸಂಗೀತವಂಶದ ಮೂಲಪುರುಷರಲ್ಲಿ ಒಬ್ಬನಿಗಂತೂ ಲೋಹದ ನಂಟು ನಿಜವಾಗಿಯೂ ಇತ್ತು. ಇಂಗ್ಲೆಂಡಿನ ಕೈಗಾರಿಕಾ ನಗರವಾದ ಬರ್ಮಿಂಗ್‌ಹ್ಯಾಮಿನ ಟೋನಿ ಅಯೋಮಿ ಎಂಬ ಹುಡುಗ ತಗಡಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದನು. ಅಲ್ಲಿ ಯಂತ್ರಕ್ಕೆ ಸಿಕ್ಕಿ ಅವನ ಬಲಗೈಯ ಎರಡು ಬೆರಳುಗಳ ತುದಿ ಹೋದವು. ಆತ ಎಡಚ, ಗಿಟಾರಿನ ತಂತಿ ಒತ್ತಬೇಕಾದ ಕೈ ಅದೇ. ಪ್ಲಾಸ್ಟಿಕ್ ಸೀಸೆಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡು ಮತ್ತೆ ನುಡಿಸತೊಡಗಿದನು. ಬಿಗಿಯಾದ ತಂತಿಯನ್ನು ಒತ್ತುವುದು ಕಷ್ಟವಾದ್ದರಿಂದ ಮುಂದೆ ಅದನ್ನು ಸಡಿಲಿಸಿದನು. ಶ್ರುತಿ ತಗ್ಗಿತು, ನಾದ ಭಾರವಾಯಿತು. ಅವನಿದ್ದ ‘ಬ್ಲ್ಯಾಕ್ ಸಬ್ಬಾತ್’ ತಂಡದ ಮೊದಲ ಧ್ವನಿಮುದ್ರಿಕೆ 1970ರಲ್ಲಿ ಹೊರಬಂತು. 1971ರ ಮುದ್ರಿಕೆಯ ಹೊತ್ತಿಗೆ ಶ್ರುತಿ ಇನ್ನೂ ಕೆಳಗಿಳಿದಿತ್ತು. ಮುಂದೆ ಬಂದವರೆಲ್ಲ ಇಳಿದದ್ದು ಇದೇ ಮೆಟ್ಟಿಲಿನಿಂದ.

1980ರ ದಶಕದಲ್ಲಿ ವೇಗದ ಹುಚ್ಚು ಹಿಡಿಯಿತು. ಕ್ಯಾಲಿಫೋರ್ನಿಯದ ‘ಸ್ಲೇಯರ್’ ಮುಂತಾದವರು ನುಡಿಸುವ ಗತಿಯನ್ನು ಮಿತಿಮೀರಿ ಏರಿಸಿದರು. ಅದೇ ಪ್ರಾಂತ್ಯದ ‘ಪೊಸೆಸ್ಡ್’ ಎಂಬ ತಂಡದಲ್ಲಿ ಜೆಫ್ ಬೆಸೆರಾ ಎಂಬ ಹೈಸ್ಕೂಲು ಹುಡುಗನಿದ್ದನು. ‘ಡೆತ್ ಮೆಟಲ್’ ಎಂಬ ಹೆಸರು ತನಗೆ ಹೊಳೆದದ್ದು ಇಂಗ್ಲಿಷ್ ತರಗತಿಯಲ್ಲಿ ಎಂದು ಅವನೇ ಮುಂದೆ ಹೇಳಿದ್ದಾನೆ. (ನಮಗೆ ಆ ತರಗತಿಯಲ್ಲಿ ಹೊಳೆಯುವುದು ಗಡಿಯಾರದ ಮುಳ್ಳು ಮಾತ್ರ.) 1985ರ ‘ಸೆವೆನ್ ಚರ್ಚಸ್’ ಎಂಬ ಅವರ ಮುದ್ರಿಕೆಯ ಕೊನೆಯ ಹಾಡಿಗೆ ಅದೇ ಹೆಸರು.

ಅತ್ತ ದೇಶದ ಇನ್ನೊಂದು ತುದಿಯ ಫ್ಲಾರಿಡಾದಲ್ಲಿ ಚಕ್ ಶುಲ್ಡಿನರ್ ಎಂಬ ಹದಿನಾರರ ಹುಡುಗ 1983ರಲ್ಲಿ ತಂಡವೊಂದನ್ನು ಕಟ್ಟಿದನು. ಮರುವರ್ಷ ಅದಕ್ಕೆ ‘ಡೆತ್’ ಎಂದು ಹೆಸರಾಯಿತು. ಇವರ ಸಂಗೀತವನ್ನು ರೇಡಿಯೋ ಬಿತ್ತರಿಸುತ್ತಿರಲಿಲ್ಲ. ಹುಡುಗರು ತಮ್ಮ ಹಾಡುಗಳನ್ನು ಕ್ಯಾಸೆಟ್ಟಿಗೆ ತುಂಬಿ ಅಂಚೆಯಲ್ಲಿ ಕಳುಹಿಸುವರು. ಪಡೆದವನು ಪ್ರತಿ ಮಾಡಿ ಬೇರೊಬ್ಬನಿಗೆ ಕಳುಹಿಸುವನು. ಹೀಗೆ ಕೈಯಿಂದ ಕೈಗೆ, ದೇಶದಿಂದ ದೇಶಕ್ಕೆ ಹಾಡುಗಳು ಹೋದವು. 1987ರಲ್ಲಿ ಡೆತ್ ತಂಡದ ಮೊದಲ ಮುದ್ರಿಕೆ ಹೊರಬಂತು. ಬಳಿಕ ಟ್ಯಾಂಪಾ ನಗರದ ಮಾರಿಸೌಂಡ್ ಎಂಬ ಧ್ವನಿಮುದ್ರಣಾಲಯ ಈ ಸಂಗೀತಕ್ಕೆ ತವರುಮನೆಯಂತಾಯಿತು. ‘ಮಾರ್ಬಿಡ್ ಏಂಜಲ್’, ‘ಅಬಿಚುಯರಿ’ ತಂಡಗಳ 1989ರ ಮುದ್ರಿಕೆಗಳು ಸಿದ್ಧವಾದದ್ದು ಅಲ್ಲಿಯೇ. ಹೆಸರಿನ ಕೀರ್ತಿ ಪೊಸೆಸ್ಡ್‌ಗೋ ಡೆತ್‌ಗೋ ಎಂಬ ವ್ಯಾಜ್ಯ ರಸಿಕರಲ್ಲಿ ಇನ್ನೂ ಮುಗಿದಿಲ್ಲ. ನನ್ನ ಮಟ್ಟಿಗೆ ಹೆಸರು ಮೊದಲನೆಯವರದು, ರೂಪ ಎರಡನೆಯವರದು.

ಇನ್ನು ಲಕ್ಷಣಗಳು. ಗಿಟಾರಿನ ಶ್ರುತಿಯನ್ನು ತಗ್ಗಿಸಿ, ವಿದ್ಯುತ್ತಿನ ಸಹಾಯದಿಂದ ನಾದವನ್ನು ಬೇಕೆಂದೇ ಒಡೆದು ಒರಟುಗೊಳಿಸುತ್ತಾರೆ. ಒಂದೇ ತಂತಿಯನ್ನು ಮೇಲಕ್ಕೂ ಕೆಳಕ್ಕೂ ಅತಿ ಶೀಘ್ರವಾಗಿ ಮೀಟುವುದರಿಂದ ಜೇನ್ನೊಣ ಎದ್ದಂತಹ ಮೊರೆತ ಉಂಟಾಗುತ್ತದೆ. ಡ್ರಮ್ಮಿನವನು ಎರಡು ಪಾದಗಳಿಂದ ಎರಡು ಪೆಡಲುಗಳನ್ನು ತುಳಿಯುತ್ತ, ಕೈಗಳಿಂದ ‘ಬ್ಲಾಸ್ಟ್ ಬೀಟ್’ ಎಂಬ ಸುರಿಮಳೆಯಂತಹ ಬಡಿತವನ್ನು ಬಾರಿಸುತ್ತಾನೆ. ಈ ಓಟ ನಡುವೆ ಥಟ್ಟನೆ ನಿಂತು, ಆನೆ ನಡೆದಂತೆ ನಿಧಾನವಾಗುವುದೂ ಉಂಟು. ಮೊದಲ ಸಲ ಕೇಳುವವನಿಗೆ ಇದು ಅಡ್ಡಾದಿಡ್ಡಿ ಎನಿಸುತ್ತದೆ. ಹತ್ತನೆಯ ಸಲಕ್ಕೆ, ನಾಲ್ವರೂ ಒಂದೇ ಕ್ಷಣಕ್ಕೆ ನಿಂತು ಒಂದೇ ಕ್ಷಣಕ್ಕೆ ಹೊರಡುವರೆಂಬುದು ತಿಳಿಯುತ್ತದೆ. ಕುಡಿದು ಗಲಾಟೆ ಮಾಡುವವರಿಗೆ ಇದು ಸಾಧ್ಯವಾಗುವ ಕೆಲಸವಲ್ಲ.

ಅವ್ವನನ್ನು ಗಾಬರಿಗೊಳಿಸಿದ್ದು ಮಾತ್ರ ಕಂಠ. ಇದಕ್ಕೆ ‘ಗ್ರೌಲ್’ ಎನ್ನುತ್ತಾರೆ. ಗುರುಗುಟ್ಟುವುದು ಎಂದರೆ ಸರಿಯಾದೀತು. ನಮ್ಮ ಗಂಟಲಿನಲ್ಲಿ ಮಾತಿಗೆ ಬೇಕಾದ ಸ್ವರತಂತುಗಳ ಮೇಲೆ ಇನ್ನೊಂದು ಜೊತೆ ಮಡಿಕೆಗಳಿವೆ. ನಿತ್ಯದ ಮಾತಿನಲ್ಲಿ ಅವು ಸುಮ್ಮನಿರುತ್ತವೆ. ಗ್ರೌಲ್ ಮಾಡುವವನು ಹೊಟ್ಟೆಯಿಂದ ಉಸಿರನ್ನು ಹಿಡಿತದಲ್ಲಿ ಹೊರಡಿಸಿ ಆ ಮಡಿಕೆಗಳನ್ನೇ ಕಂಪಿಸುತ್ತಾನೆ. ಅಭ್ಯಾಸವಿಲ್ಲದೆ ಸುಮ್ಮನೆ ಅರಚಿದರೆ ಗಂಟಲು ಹುಣ್ಣಾಗುವುದೇ ಲಾಭ. (ಇದನ್ನು ಸ್ವಾನುಭವದಿಂದ ಹೇಳುತ್ತಿದ್ದೇನೆ.) ನಮ್ಮ ಜಿಲ್ಲೆಯಲ್ಲೇ, ಹುಣಸೂರಿನ ಬಳಿಯ ಗುರುಪುರದ ಟಿಬೆಟನ್ ವಸತಿಯಲ್ಲಿ ಗ್ಯುಮೆ ತಾಂತ್ರಿಕ ಮಠವಿದೆ. ಈ ಪರಂಪರೆಯ ಭಿಕ್ಷುಗಳು ಪಾತಾಳದಿಂದ ಎದ್ದಂತಹ ಆಳವಾದ ಸ್ವರದಲ್ಲಿ ಮಂತ್ರ ಪಠಿಸುತ್ತಾರೆ. ಅಲ್ಲಿ ಕಂಪಿಸುವುದೂ ಈ ಮೇಲಿನ ಮಡಿಕೆಗಳೇ. ಉದ್ದೇಶ ಬೇರೆ, ರೀತಿ ಬೇರೆ. ಆದರೆ ಮನುಷ್ಯನ ಗಂಟಲಿನಲ್ಲಿ ಈ ಸ್ವರ ಇದ್ದೇ ಇತ್ತು, ಅಮೆರಿಕದವರು ಹೊಸದಾಗಿ ತಂದದ್ದಲ್ಲ.

ಸ್ವೀಡನ್ನಿನಲ್ಲಿ ‘ಎಂಟೂಮ್ಡ್’ ಮೊದಲಾದ ತಂಡಗಳು ಗರಗಸದಂತಹ ನಾದವನ್ನು ರೂಢಿಸಿದವು. ಬೆಂಗಳೂರಿನಲ್ಲೂ 1990ರ ದಶಕದಿಂದಲೇ ‘ಡೈಯಿಂಗ್ ಎಂಬ್ರೇಸ್’ ಎಂಬ ತಂಡ ಈ ಬಗೆಯ ಸಂಗೀತವನ್ನು ನುಡಿಸಿದೆ.

ಸಾಹಿತ್ಯದ ಮಾತು ಬಂದಾಗ ಆಕ್ಷೇಪಣೆ ಏಳುತ್ತದೆ, ಏಳಬೇಕಾದದ್ದೇ. ರಕ್ತ, ಹೆಣ, ಕೊಲೆ ಎಂದು ಹೇಸಿಗೆ ಹುಟ್ಟಿಸುವ ಹಾಡುಗಳು ಇದರಲ್ಲಿ ಬೇಕಾದಷ್ಟಿವೆ. ಕೆಲವನ್ನು ನಾನೂ ಕೇಳಲಾರೆ. ಆದರೆ ಇದನ್ನು ಕೇಳುವವರು ಕ್ರೂರಿಗಳಾಗುವರೆಂಬುದು ಬೇರೆ ಮಾತು. ಆಸ್ಟ್ರೇಲಿಯದ ಮ್ಯಾಕ್ವಾರಿ ವಿಶ್ವವಿದ್ಯಾನಿಲಯದವರು ಇದನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ್ದಾರೆ. ಒಂದು ಕಣ್ಣಿಗೆ ಹಿಂಸೆಯ ಚಿತ್ರ, ಇನ್ನೊಂದಕ್ಕೆ ಸಾಧಾರಣ ಚಿತ್ರ ತೋರಿಸಿದರೆ ಮನಸ್ಸು ಎಚ್ಚರದಿಂದ ಹಿಂಸೆಯದನ್ನೇ ಹೆಚ್ಚು ಹೊತ್ತು ಹಿಡಿಯುತ್ತದೆ. ಈ ಎಚ್ಚರ ಡೆತ್ ಮೆಟಲ್ ಅಭಿಮಾನಿಗಳಲ್ಲೂ ಉಳಿದವರಷ್ಟೇ ಇತ್ತು; ಮನಸ್ಸು ಜಡ್ಡುಗಟ್ಟಿರಲಿಲ್ಲ. ಶುಲ್ಡಿನರನಂತೂ ರಕ್ತದ ಹಾಡುಗಳನ್ನು ಬೇಗನೆ ಕೈಬಿಟ್ಟು, 1991ರ ‘ಹ್ಯೂಮನ್’ ಮುದ್ರಿಕೆಯ ಹೊತ್ತಿಗೆ ಮನುಷ್ಯನ ಮನಸ್ಸನ್ನೇ ವಸ್ತುವಾಗಿ ತೆಗೆದುಕೊಂಡಿದ್ದನು.

ನಾನೇಕೆ ಕೇಳುತ್ತೇನೆಂಬುದನ್ನೂ ಹೇಳಿಬಿಡಬೇಕು. ಎರಡನೆಯ ವರ್ಷದ ಪರೀಕ್ಷೆಗೆ ಮೂರು ವಾರವಿದ್ದಾಗ ನಮ್ಮಪ್ಪ ತೀರಿಕೊಂಡರು. ಗಾರೆ ಕೆಲಸ ಮಾಡಿ ನನ್ನನ್ನು ಓದಿಸಿದವರು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದ್ದರಿಂದ ಆಸ್ಪತ್ರೆಯ ಕಾಗದ, ಮರಣಪತ್ರ, ಸಾಲದವರ ಲೆಕ್ಕ ಎಲ್ಲವೂ ನನ್ನ ಕೈಗೆ ಬಂದವು. ‘ಓದಿದವನು ನೀನೇ ಅತ್ತರೆ ಹೇಗಪ್ಪಾ’ ಎಂದು ಬಂದವರೆಲ್ಲ ಹೇಳಿದರು. ನಾನು ಅಳಲಿಲ್ಲ. ಹಾಸ್ಟೆಲಿಗೆ ಹಿಂದಿರುಗಿದ ಮೇಲೆ ಸಮಾಧಾನ ಹೇಳುವ ಹಾಡುಗಳೊಂದೂ ಕಿವಿಗೆ ಹಿಡಿಸಲಿಲ್ಲ. ಹಿಂದೆ ನಾನೇ ನಿಲ್ಲಿಸೆಂದ ಆ ಹಾಡನ್ನು ಸ್ನೇಹಿತನಿಂದ ಕೇಳಿ ಪಡೆದುಕೊಂಡೆ.

ಶುಲ್ಡಿನರನ ಕೈಗೆ ಗಿಟಾರು ಬಂದ ಕಥೆಯನ್ನು ಓದಿದ್ದು ಆಮೇಲೆ. ಹದಿನಾರು ವರ್ಷದ ಅವನ ಅಣ್ಣ ಕಾರು ಅಪಘಾತದಲ್ಲಿ ಸತ್ತನು. ಒಂಬತ್ತು ವರ್ಷದ ತಮ್ಮನ ದುಃಖ ಸ್ವಲ್ಪ ಮರೆಯಾಗಲೆಂದು ತಂದೆತಾಯಿಗಳು ಗಿಟಾರು ಕೊಡಿಸಿದರು. ಮುಂದೆ ಅವನು ಓದನ್ನು ನಡುವೆಯೇ ಬಿಟ್ಟನು; ಬಿಟ್ಟದ್ದಕ್ಕೆ ಆಮೇಲೆ ಪಶ್ಚಾತ್ತಾಪಪಟ್ಟನು. 1999ರಲ್ಲಿ, ಮೂವತ್ತೆರಡನೆಯ ಹುಟ್ಟುಹಬ್ಬದ ದಿನವೇ, ಮಿದುಳಿನಲ್ಲಿ ಗಡ್ಡೆಯಿದೆಯೆಂದು ತಿಳಿಯಿತು. ಚಿಕಿತ್ಸೆಗೆ ಹಣ ಹೊಂದಿಸಲು ಮನೆಯವರು ಪರದಾಡಿದರು. ಜೊತೆಯ ಸಂಗೀತಗಾರರು ನೆರವಾದರು. 2001ರ ಡಿಸೆಂಬರ್ 13ರಂದು ಅವನು ತೀರಿಕೊಂಡನು.

ಕಳೆದ ಹಬ್ಬಕ್ಕೆ ಊರಿಗೆ ಹೋದಾಗ ಇದನ್ನೆಲ್ಲ ಅವ್ವನಿಗೆ ಹೇಳಿದೆ. ಅಕ್ಕಿ ಆರಿಸುತ್ತಿದ್ದವಳು ಮೊರವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಅಂಗಾರೆ ಕೂಗ್ಕಳ್ಳಿ ಬುಡು” ಎಂದು ಮತ್ತೆ ಮೊರವನ್ನೆತ್ತಿಕೊಂಡಳು.

ಕೇಳಿ ನೋಡಬೇಕೆನ್ನುವವರು 1995ರ ‘ಸಿಂಬಾಲಿಕ್’ ಎಂಬ ಮುದ್ರಿಕೆಯಿಂದ ಆರಂಭಿಸಬಹುದು. ಅದರಲ್ಲಿ ಮಾಧುರ್ಯವೂ ಇದೆ, ಹೊಸಬರಿಗೆ ಕಾಲೂರಲು ಸ್ಥಳವಿದೆ. ಹಾಸ್ಟೆಲಿನಲ್ಲಿರುವವರು ಮಾತ್ರ ಇಯರ್‌ಫೋನ್ ಹಾಕಿಕೊಂಡು ಕೇಳುವುದು ಕ್ಷೇಮ. ವಾರ್ಡನ್ನರಿಗೆ ಈ ಲೇಖನವನ್ನು ನಾನಿನ್ನೂ ತೋರಿಸಿಲ್ಲ.