ವಿಶೇಷ ಚೇತನರಿಗೆ ಮನೆ, ಶಾಲೆ, ಭವನ ಹೇಗಿರಬೇಕು?

ವಿಜಯಪುರದ ಗೋಲಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಏಳು ಬಾರಿ ಮರುದನಿ ಕೇಳುತ್ತದೆ. ಪ್ರವಾಸಕ್ಕೆ ಬಂದ ಶಾಲಾ ಮಕ್ಕಳಿಗೆ ಅದೊಂದು ಹಬ್ಬ. ಆದರೆ ಆಟಿಸಂ ಇರುವ ಮಗುವೊಂದು ಅಲ್ಲಿ ಕಿವಿ ಮುಚ್ಚಿಕೊಂಡು ಅಳಬಹುದು. ಈಗ ಊರೂರಿಗೆ ಏಳುತ್ತಿರುವ ಸಮುದಾಯ ಭವನಗಳನ್ನು ನೋಡಿ: ನುಣುಪಾದ ಗ್ರಾನೈಟ್ ನೆಲ, ಬರಿಯ ಗೋಡೆ, ಮೇಲೆ ಪತ್ರಾಸ್. ಮೈಕ್ ಹಚ್ಚಿದ ಮೇಲೆ ಅವೂ ಸಣ್ಣ ಗೋಲಗುಮ್ಮಟಗಳೇ. ಇಂಥ ಮಗುವಿರುವ ಕುಟುಂಬ ಕಾರ್ಯಕ್ರಮಗಳಿಗೆ ಬರುವುದನ್ನು ಮೆಲ್ಲಗೆ ಬಿಟ್ಟುಬಿಡುತ್ತದೆ. ಏಕೆ ಬರಲಿಲ್ಲ ಎಂದು ಯಾರೂ ಕೇಳುವುದಿಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ಆಟಿಸಂ, ಬುದ್ಧಿಮಾಂದ್ಯತೆ, ಸೆರೆಬ್ರಲ್ ಪಾಲ್ಸಿ, ಕಲಿಕಾ ನ್ಯೂನತೆ ಅದರಲ್ಲಿ ಸೇರಿವೆ. 2011ರ ಜನಗಣತಿಯಲ್ಲಿ ಬುದ್ಧಿಮಾಂದ್ಯರೆಂದು ಎಣಿಕೆಯಾದವರೇ ದೇಶದಲ್ಲಿ 15 ಲಕ್ಷ. ಇವು ಔಷಧಿಯಿಂದ ಹೋಗುವ ರೋಗಗಳಲ್ಲ. ಆದರೆ ವ್ಯಕ್ತಿ ಇರುವ ಜಾಗ ಸರಿಯಿದ್ದರೆ ಅರ್ಧ ಕಷ್ಟ ಇಳಿಯುತ್ತದೆ.

ಅನುಕೂಲ ಎಂದೊಡನೆ ದಾನಿಗಳಿಗೆ ನೆನಪಾಗುವುದು ಇಳಿಜಾರು ದಾರಿ. ಗಾಲಿಕುರ್ಚಿ ಬಳಸುವವರಿಗೆ ಅದು ಬೇಕೇ ಬೇಕು. ಒಂದು ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದ ಇರಬೇಕು. ಜಾಗವಿಲ್ಲವೆಂದು ಗವಂಡಿ ಮೂರು ಅಡಿಯಲ್ಲಿ ಮುಗಿಸಿದ ಇಳಿಜಾರು ಬೈಕ್ ಏರಿಸಲಿಕ್ಕೆ ಮಾತ್ರ ಉಪಯೋಗ. ಆದರೆ ಆಟಿಸಂ, ಬುದ್ಧಿಮಾಂದ್ಯತೆ ಇರುವ ಬಹುಪಾಲು ಮಕ್ಕಳು ನಡೆಯಬಲ್ಲರು, ಓಡಬಲ್ಲರು. ಅವರ ತೊಂದರೆ ಬೇರೆ. ಇಲ್ಲಿ ಏನು ಮಾಡಬೇಕು, ಮುಂದೆ ಏನಾಗುತ್ತದೆ ಎಂಬುದು ಜಾಗ ನೋಡಿ ಅವರಿಗೆ ತಿಳಿಯುವುದಿಲ್ಲ. ಹಾಗಾಗಿ ಹೆದರುತ್ತಾರೆ. ಹೆದರಿಕೆಯನ್ನು ಮನೆಯವರು ಹಟ ಎನ್ನುತ್ತಾರೆ.

ಕಿರಾಣಿ ಅಂಗಡಿಯಲ್ಲಿ ಸಕ್ಕರೆ ಡಬ್ಬಿ ಯಾವಾಗಲೂ ಇದ್ದಲ್ಲೇ ಇದ್ದರೆ ಕರೆಂಟ್ ಹೋದರೂ ಕೈಗೆ ಸಿಗುತ್ತದೆ. ಇದೇ ಸೂತ್ರ. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ 1972ರಲ್ಲಿ ಆರಂಭವಾದ 'ಟೀಚ್' ಕಾರ್ಯಕ್ರಮ ಇದನ್ನೇ ಪದ್ಧತಿಯಾಗಿ ಬೆಳೆಸಿತು: ಒಂದು ಕೆಲಸಕ್ಕೆ ಒಂದು ಜಾಗ. ಪಡಸಾಲೆಯ ಒಂದು ಮೂಲೆಯಲ್ಲಿ ಕೆಂಪು ಜಮಖಾನೆ ಹಾಸಿದರೆ ಅದು ಓದಿಗೆ. ಇನ್ನೊಂದು ಮೂಲೆಯ ಚಾಪೆ ಆಟಕ್ಕೆ. ಓದುವಾಗ ಮುಖ ಗೋಡೆಯ ಕಡೆ ಇರಲಿ, ಬಾಗಿಲ ಕಡೆ ಬೇಡ. ಮಾಡಬೇಕಾದ ಕೆಲಸ ಎಡಗಡೆಯ ಬುಟ್ಟಿಯಲ್ಲಿ, ಮುಗಿದದ್ದು ಬಲಗಡೆಯ ಬುಟ್ಟಿಯಲ್ಲಿ. ಎಡಬುಟ್ಟಿ ಖಾಲಿಯಾದರೆ ಕೆಲಸ ಮುಗಿಯಿತೆಂದು ಮಾತಿಲ್ಲದೆ ತಿಳಿಯುತ್ತದೆ. ಸ್ನಾನ, ತಿಂಡಿ, ಶಾಲೆ, ಊಟ ಹೀಗೆ ದಿನದ ಕ್ರಮವನ್ನು ಮೊಬೈಲ್‌ನಲ್ಲಿ ತೆಗೆದ ಮನೆಯದೇ ತಟ್ಟೆ, ಮನೆಯದೇ ಬಕೆಟ್‌ನ ಫೋಟೋಗಳಲ್ಲಿ ಮಗುವಿನ ಕಣ್ಣಿನ ಎತ್ತರಕ್ಕೆ ಅಂಟಿಸಬೇಕು. ಸೂರ್ಯಾಸ್ತದೊಳಗೆ ಊಟ ಮುಗಿಸುವ ಮನೆಗಳಲ್ಲಿ ಹೊತ್ತಿನ ಶಿಸ್ತು ಮೊದಲೇ ಇದೆ. ಅದು ಇಂಥ ಮಕ್ಕಳಿಗೆ ದೊಡ್ಡ ಆಸರೆ.

ಸದ್ದು ಅಡಗಿಸಲು ಖರ್ಚಿಲ್ಲ. ಹಳೆಯ ಕೌದಿಗಳನ್ನು ಗೋಡೆಗೆ ತೂಗುಹಾಕಿ, ನೆಲಕ್ಕೆ ದಪ್ಪ ಜಮಖಾನೆ ಹಾಸಿದರೆ ಮರುದನಿ ಬಹಳ ಕಡಿಮೆಯಾಗುತ್ತದೆ. ಹಳೆಯ ಚೋಕ್‌ನ ಟ್ಯೂಬ್‌ಲೈಟಿನ ಮಿನುಗು, ಗುಂಯ್ ಎನ್ನುವ ಸದ್ದು ದೊಡ್ಡವರ ಗಮನಕ್ಕೇ ಬರುವುದಿಲ್ಲ, ಕೆಲವು ಮಕ್ಕಳಿಗೆ ಅದೇ ಹಿಂಸೆ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಈ ಊರುಗಳಲ್ಲಿ ಪತ್ರಾಸ್ ಕೋಣೆಯಲ್ಲಿ ತರಗತಿ ನಡೆಸಲೇಬಾರದು. ಸೆಕೆ, ಬಾಯಾರಿಕೆ ಹೇಳಲು ಬಾರದ ಮಗು ಚೀರುತ್ತದೆ, ಇಲ್ಲವೇ ತನ್ನನ್ನೇ ಹೊಡೆದುಕೊಳ್ಳುತ್ತದೆ.

ತಿಕೋಟಾ, ಬಬಲೇಶ್ವರ ಭಾಗದಲ್ಲಿ ತೋಟದ ವಸ್ತಿಗಳಲ್ಲಿರುವ ಕುಟುಂಬಗಳು ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ನೀರು. ದ್ರಾಕ್ಷಿ, ದಾಳಿಂಬೆ ತೋಟಗಳ ಪಕ್ಕ ಕೃಷಿ ಹೊಂಡ ಇದ್ದೇ ಇರುತ್ತದೆ. ಆಟಿಸಂ ಇರುವ ಅನೇಕ ಮಕ್ಕಳಿಗೆ ನೀರೆಂದರೆ ವಿಪರೀತ ಸೆಳೆತ. ಮನೆಯಿಂದ ತಪ್ಪಿಸಿಕೊಂಡ ಇಂಥ ಮಕ್ಕಳ ಸಾವಿಗೆ ಮುಖ್ಯ ಕಾರಣ ನೀರಿಗೆ ಬೀಳುವುದು ಎಂಬುದು ಬೇರೆ ದೇಶಗಳ ಅನುಭವವೂ ಹೌದು. ಪ್ಲಾಸ್ಟಿಕ್ ಹಾಸಿದ ಹೊಂಡದ ದಂಡೆ ಎಷ್ಟು ಜಾರುತ್ತದೆಂದರೆ ಈಜು ಬಲ್ಲ ದೊಡ್ಡವರೂ ಹತ್ತಿ ಬರಲಾರರು. ಸುತ್ತ ಬೇಲಿ, ಚಿಲಕವಿರುವ ಗೇಟು, ನಾಲ್ಕೂ ಕಡೆ ಗಂಟು ಹಾಕಿದ ಹಗ್ಗ ಇಳಿಬಿಟ್ಟಿರಬೇಕು. ತೆರೆದ ಬಾವಿಗೂ ಅಷ್ಟೇ. ಮಗು ಕಾಣದಾದರೆ ಮೊದಲು ನೀರಿನ ಕಡೆ ಓಡಬೇಕು, ಆಮೇಲೆ ನೆಂಟರ ಮನೆ ಕಡೆ.

ಇದಕ್ಕೆ ಹೆದರಿ ಮಗುವನ್ನು ಕೋಣೆಯಲ್ಲಿ ಕೂಡಿಹಾಕಿ ಕೀಲಿ ಹಾಕುವವರಿದ್ದಾರೆ. ಬೆಂಕಿ ಬಿದ್ದರೆ ಗತಿಯೇನು? ಅದರ ಬದಲು ಅಂಗಳಕ್ಕೇ ಆವರಣ ಕಟ್ಟಿ, ಹೊರಬಾಗಿಲಿಗೆ ಗೆಜ್ಜೆ ಕಟ್ಟಿದರೆ ಬಾಗಿಲು ಅಲುಗಿದ್ದು ಅಡುಗೆಮನೆಗೆ ಕೇಳುತ್ತದೆ. ಮಗು ಓಡಾಡಿಕೊಂಡೂ ಇರುತ್ತದೆ.

ಬಚ್ಚಲು ಮತ್ತೊಂದು ಅಪಾಯದ ಜಾಗ. ಇವರಲ್ಲಿ ಹಲವರಿಗೆ ಮೂರ್ಛೆ ಬರುವುದುಂಟು. ಬಾಗಿಲು ಒಳಕ್ಕೆ ತೆರೆಯುವಂತಿದ್ದು ವ್ಯಕ್ತಿ ಅದಕ್ಕೇ ಅಡ್ಡ ಬಿದ್ದರೆ ಹೊರಗಿನವರು ಒಳಗೆ ಹೋಗಲಾರರು. ಬಾಗಿಲು ಹೊರಕ್ಕೆ ತೆರೆಯಬೇಕು, ಚಿಲಕ ಹೊರಗಿನಿಂದಲೂ ಬಿಚ್ಚುವಂತಿರಬೇಕು. ಕಟ್ಟೆಯ ಅಂಚುಗಳನ್ನು ಗುಂಡಗೆ ಮಾಡಿಸಿ, ನುಣುಪು ಟೈಲ್ಸ್ ಬದಲು ಒರಟು ಫರ್ಸಿ ಹಾಕಿಸಿದರೆ ಸಾಕು.

ಕಲಿಕೆಗೆ ಸರ್ಕಾರಿ ವ್ಯವಸ್ಥೆ ಇದೆ. ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಶಿಕ್ಷಕರನ್ನು, ಗ್ರಾಮ ಪಂಚಾಯಿತಿಯಲ್ಲಿ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಬೇಕು. ಶಾಲೆಗೆ ಹೋಗಲಾಗದವರಿಗೆ ಗೃಹಾಧಾರಿತ ಶಿಕ್ಷಣವಿದೆ. ಮಾತು, ಸಂವಹನದ ತಪಾಸಣೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 18 ದಾಟಿದ ಮೇಲೆ ಕೆಲಸದ ಜಾಗವೂ ಇದೇ ಕ್ರಮದಲ್ಲಿರಬೇಕು. ಒಣದ್ರಾಕ್ಷಿ ವಿಂಗಡಿಸುವ ಕೆಲಸ ಅನೇಕರಿಗೆ ಹೊಂದುತ್ತದೆ: ಮೂರು ಟ್ರೇ, ಪ್ರತಿಯೊಂದರ ಮುಂದೆ ಮಾದರಿಯ ನಾಲ್ಕು ಕಾಳು, ನಿಶ್ಚಿತ ಜಾಗ. ಗಂಧಕದ ಹೊಗೆ ಕೊಡುವ ಕೋಣೆಯಿಂದ ದೂರ ಕೂರಿಸಬೇಕು. ಕೂಲಿಯನ್ನು ಅವರ ಕೈಗೇ ಕೊಡಬೇಕು.

ಬಸದಿ, ಭವನ ಕಟ್ಟಿಸುವವರು ನಕ್ಷೆಯಲ್ಲಿ ಹತ್ತಕ್ಕೆ ಹತ್ತರ ಒಂದು ಶಾಂತ ಕೋಣೆ ಸೇರಿಸಲಿ. ಧ್ವನಿವರ್ಧಕ ಬೇಡ, ಮಂದ ಬೆಳಕು, ಒಂದು ಫ್ಯಾನ್ ಸಾಕು. ಪಂಚಕಲ್ಯಾಣದಂಥ ಜನಜಂಗುಳಿಯಲ್ಲಿ ಮಗು ಹತ್ತು ನಿಮಿಷ ಅಲ್ಲಿ ಕುಳಿತು ಮತ್ತೆ ಹೊರಬರಬಹುದು. ಅಮೃತಶಿಲೆಗೆ ಆಗುವ ಖರ್ಚಿನಲ್ಲಿ ಇದು ಲೆಕ್ಕಕ್ಕೂ ಬಾರದು.

ತಂದೆತಾಯಿ ತೀರಿದ ಮೇಲೆ ಎಲ್ಲಿ ಎಂಬುದು ಉಳಿದ ಪ್ರಶ್ನೆ. ಬೆಂಗಳೂರಿನ ಆಶಾ ನಿಕೇತನದಲ್ಲಿ 1970ರಿಂದ ಬುದ್ಧಿಮಾಂದ್ಯರೂ ಇತರರೂ ಒಂದೇ ಮನೆಯಲ್ಲಿ ಕುಟುಂಬದಂತೆ ಬಾಳುತ್ತಿದ್ದಾರೆ. ಉದ್ದನೆಯ ಹಾಲ್‌ನಲ್ಲಿ ಸಾಲು ಮಂಚ ಹಾಕಿದ ವಸತಿಗೃಹಕ್ಕಿಂತ ಕೆಲವೇ ಜನರ ಮನೆ ಮೇಲು. ಅಣ್ಣತಮ್ಮಂದಿರ ಮನೆಯಲ್ಲೇ ಇರುವುದಾದರೆ ಅವರಿಗೆ ದಾಸ್ತಾನು ಕೋಣೆ ಬೇಡ. ಕಿಟಕಿ, ಸ್ವಂತ ಕಪಾಟು, ಬಚ್ಚಲಿಗೆ ಹತ್ತಿರದ ದಾರಿ ಇರುವ ಕೋಣೆ ಬೇಕು. ಆಸ್ತಿ ಪಾಲಾಗುವಾಗ ಆ ಕೋಣೆಯ ವಾಸದ ಹಕ್ಕನ್ನು ಪಾಲುಪತ್ರದಲ್ಲೇ ಬರೆಸಬೇಕು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ನ್ಯೂನತೆ ಇರುವವರಿಗೆ 18 ತುಂಬಿದ ಬಳಿಕ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಪೋಷಕರನ್ನು ನೇಮಿಸುವುದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿ. ತಂದೆತಾಯಿ ಗಟ್ಟಿಯಾಗಿರುವಾಗಲೇ ಯು.ಡಿ.ಐ.ಡಿ. ಕಾರ್ಡ್ ಮಾಡಿಸಿಟ್ಟುಕೊಂಡು ಈ ಅರ್ಜಿ ಹಾಕುವುದು ಒಳ್ಳೆಯದು.