ಸರ್ವರ್ ಏಕೆ ಕುಂಟಿತು?

ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಯ ವಾಚನಾಲಯದಲ್ಲಿ ನಡೆದ ಕೆಲಸವನ್ನು ನಿಮ್ಮಲ್ಲಿ ಅನೇಕರು ಕಂಡಿರುವಿರಿ. ಹಳೆಯ ವಾರ್ಷಿಕ ಸಂಚಿಕೆಗಳು, ಪ್ರವೇಶದ ರಿಜಿಸ್ಟರುಗಳು, ಅಂಚು ಮಾಸಿದ ಛಾಯಾಚಿತ್ರಗಳು, ಇವೆಲ್ಲವನ್ನೂ ಸ್ಕ್ಯಾನ್ ಮಾಡಿ ಕಚೇರಿಯ ಸರ್ವರಿನಲ್ಲಿ ಇರಿಸಬೇಕೆಂದು ನಿಶ್ಚಯವಾಗಿತ್ತು. ಸಾಮಗ್ರಿ ಒಟ್ಟು ಸುಮಾರು ೩೦೦ ಗಿಗಾಬೈಟು. ಅದನ್ನು ವಾಚನಾಲಯದ ಕಂಪ್ಯೂಟರಿನಿಂದ ಸರ್ವರಿಗೆ ಸಾಗಿಸುವ ಹೊಣೆ ನನ್ನ ಪಾಲಿಗೆ ಬಂದಿತು. ಮುಕ್ಕಾಲು ಗಂಟೆಯಲ್ಲಿ ಮುಗಿಯತಕ್ಕ ಕೆಲಸವದು. ಆದರೆ ಪರದೆಯ ಮೇಲೆ ಕಂಡ ವೇಗ ಸೆಕೆಂಡಿಗೆ ೧೧ ಮೆಗಾಬೈಟು ಮಾತ್ರ. ಆ ಲೆಕ್ಕದಲ್ಲಿ ಏಳೂವರೆ ಗಂಟೆ ಬೇಕು. ಇದಕ್ಕೆ ಕಾರಣವನ್ನು ಕಂಡುಹಿಡಿದ ಬಗೆಯನ್ನು ತಿಳಿಸಬೇಕೆಂದು ಒಂಬತ್ತನೆಯ ತರಗತಿಯವರು ಕೇಳಿದ್ದರಿಂದ ಈ ಲೇಖನ.

ಕೇಳಿದವರೆಲ್ಲರೂ ಒಂದೇ ಮದ್ದು ಹೇಳಿದರು: "ಡ್ರೈವರ್ ಬದಲಾಯಿಸಿ." ಡ್ರೈವರ್ ಎಂಬುದು ಒಬ್ಬ ದುಭಾಷಿಯಂತೆ. ಕಂಪ್ಯೂಟರಿನ ಕಾರ್ಯವ್ಯವಸ್ಥೆ ಒಂದು ಭಾಷೆಯಲ್ಲಿ ಆಜ್ಞೆ ಕೊಡುತ್ತದೆ. ಯಂತ್ರಭಾಗಕ್ಕೆ ತಿಳಿಯುವುದು ಇನ್ನೊಂದು ಭಾಷೆ. ನಡುವೆ ನಿಂತು ಅರ್ಥ ಹೇಳುವ ತಂತ್ರಾಂಶವೇ ಡ್ರೈವರ್. ದುಭಾಷಿ ಅರೆಕಲಿತವನಾದರೆ ವ್ಯವಹಾರ ನಿಧಾನವಾಗುವುದು ಸಹಜವೇ. ಕಾರ್ಯವ್ಯವಸ್ಥೆಯನ್ನು ಹೊಸದಾಗಿ ಬದಲಿಸಿದಾಗ, ಅಥವಾ ಯಂತ್ರದೊಳಗಿನ ಫರ್ಮ್‌ವೇರ್ ಒಂದು ಕಾಲದ್ದು, ಡ್ರೈವರ್ ಇನ್ನೊಂದು ಕಾಲದ್ದು ಆದಾಗ ಈ ದೋಷ ಕಾಣಿಸಿಕೊಳ್ಳುತ್ತದೆ. ಆಗ ಸರ್ವರಿನ ದಿನಚರಿ ಕಡತದಲ್ಲಿ, ಉತ್ತರ ಬಾರದೆ ಕಾರ್ಡನ್ನು ಮತ್ತೆ ಮತ್ತೆ ಎಚ್ಚರಿಸಬೇಕಾಯಿತೆಂಬ ಗುರುತುಗಳು ಬಿದ್ದಿರುತ್ತವೆ. ನಮ್ಮ ಸರ್ವರಿನಲ್ಲಿ ತಿಂಗಳುಗಳಿಂದ ಯಾವ ಬದಲಾವಣೆಯೂ ಆಗಿರಲಿಲ್ಲ. ಅಂಥ ಗುರುತು ಒಂದೂ ಇರಲಿಲ್ಲ. ಹಾಗಿರುವಾಗ ಡ್ರೈವರಿಗೆ ಕೈ ಹಾಕುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆಯೇ ಸರಿ.

ನಾವು ದಾರಿಯನ್ನು ತುಂಡುತುಂಡಾಗಿ ಪರೀಕ್ಷಿಸಿದೆವು. ೧೧ ಎಂಬ ಸಂಖ್ಯೆಯೇ ಮೊದಲ ಸುಳಿವನ್ನು ಕೊಟ್ಟಿತು. ಜಾಲದ ವೇಗವನ್ನು ಬಿಟ್ಟುಗಳಲ್ಲಿ ಎಣಿಸುತ್ತಾರೆ. ಎಂಟು ಬಿಟ್ಟಿಗೆ ಒಂದು ಬೈಟು. ಸೆಕೆಂಡಿಗೆ ೧೦೦ ಮೆಗಾಬಿಟ್ಟಿನ ಜಾಲದಲ್ಲಿ ಹನ್ನೆರಡೂವರೆ ಮೆಗಾಬೈಟಿಗಿಂತ ಹೆಚ್ಚು ಹೋಗಲಾರದು. ವಿಳಾಸ ಮುಂತಾದ ಹೊದಿಕೆಗಳ ಖರ್ಚು ಕಳೆದರೆ ಉಳಿಯುವುದು ೧೧ರ ಆಸುಪಾಸು. ಆದರೆ ನಮ್ಮದು ೧೦೦೦ ಮೆಗಾಬಿಟ್ಟಿನ ಜಾಲವಷ್ಟೆ? ಆ ವೇಗಕ್ಕೆ ಕೇಬಲಿನೊಳಗಿನ ನಾಲ್ಕು ಜೊತೆ ತಂತಿಗಳೂ ಬೇಕು. ೧೦೦ಕ್ಕೆ ಎರಡು ಜೊತೆ ಸಾಕು. ಒಂದು ಜೊತೆ ಕಡಿದುಹೋದರೆ ಯಂತ್ರಗಳು ಸದ್ದಿಲ್ಲದೆ ಕೆಳಗಿನ ವೇಗಕ್ಕೆ ಒಪ್ಪಂದ ಮಾಡಿಕೊಂಡುಬಿಡಬಹುದು. ಹುಡುಕಿದಾಗ ಕೇಬಲು ವಾಚನಾಲಯದ ಉಕ್ಕಿನ ಕಪಾಟಿನ ಕಾಲಿನಡಿಯಲ್ಲಿ ಸಿಕ್ಕಿ ಜಜ್ಜಿಹೋಗಿದ್ದುದು ಕಂಡಿತು. ಹೊಸದನ್ನು ಹಾಕಿ, ಡಿಸ್ಕುಗಳ ಗೊಡವೆಯಿಲ್ಲದೆ ಜಾಲವೊಂದನ್ನೇ ಅಳೆದೆವು: ೯೪೦ ಮೆಗಾಬಿಟ್ಟು. ಜಾಲ ನಿರ್ದೋಷಿಯಾಯಿತು.

ಆದರೂ ವೇಗ ಕ್ಷಣಕಾಲ ೧೦೦ ಮೆಗಾಬೈಟನ್ನು ದಾಟಿ, ಮತ್ತೆ ೨೦ಕ್ಕೆ ಇಳಿಯಿತು! ಆರಂಭದ ಆ ಭರಾಟೆಗೆ ಮೋಸಹೋಗಬಾರದು. ಬಂದುದನ್ನು ಸರ್ವರ್ ಮೊದಲು ತನ್ನ ಮುಖ್ಯ ಸ್ಮೃತಿಯಲ್ಲಿ ತುಂಬಿಕೊಳ್ಳುತ್ತದೆ. ಅದು ತುಂಬಿದ ಮೇಲೆಯೇ ಡಿಸ್ಕುಗಳ ನಿಜವಾದ ವೇಗ ಹೊರಬೀಳುವುದು. ಸರ್ವರಿನಿಂದ ಓದುವ ಕೆಲಸ ಮಾತ್ರ ಚೆನ್ನಾಗಿಯೇ ಸಾಗುತ್ತಿತ್ತು. ಬರೆಯುವುದಷ್ಟೇ ನಿಧಾನ. ಈ ಭೇದ ತಿಳಿದದ್ದು ಅರ್ಧ ಉತ್ತರ ತಿಳಿದಂತಾಯಿತು.

ಇಲ್ಲಿ ರೇಡ್ ಎಂಬುದರ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕ್ಯಾಟ್ಜ್ ಎಂಬ ಮೂವರು ೧೯೮೮ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ಹೆಸರು ಪ್ರಚಾರಕ್ಕೆ ಬಂದಿತು. ಬೆಲೆಬಾಳುವ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಡಿಸ್ಕುಗಳನ್ನು ಕೂಡಿಸಿ, ಒಂದು ಕೆಟ್ಟರೂ ಮಾಹಿತಿ ಉಳಿಯುವಂತೆ ಮಾಡುವುದು ಅವರ ಆಶಯ. ನಮ್ಮ ಸರ್ವರಿನಲ್ಲಿ ನಾಲ್ಕು ಡಿಸ್ಕುಗಳ ರೇಡ್ ೫ ಇದೆ. ಅದರ ಉಪಾಯ ಸೊಗಸಾದುದು. ಮೂರು ಡಿಸ್ಕುಗಳಲ್ಲಿ ೧, ೦, ೦ ಎಂಬ ಅಂಕಗಳಿವೆಯೆಂದು ಭಾವಿಸಿರಿ. ಒಟ್ಟು ಒಂದುಗಳ ಸಂಖ್ಯೆ ಸಮವಾಗುವಂತೆ ನಾಲ್ಕನೆಯದರಲ್ಲಿ ೧ ಎಂದು ಬರೆಯುತ್ತಾರೆ. ಈಗ ಎರಡನೆಯ ಡಿಸ್ಕು ಕೆಟ್ಟಿತೆನ್ನಿ. ಉಳಿದವುಗಳಲ್ಲಿ ಒಂದುಗಳು ಎರಡಿವೆ, ಆಗಲೇ ಸಮ. ಆದ್ದರಿಂದ ಕಳೆದುಹೋದದ್ದು ೦. ಈ ಹೊಂದಾಣಿಕೆಯ ಅಂಕಕ್ಕೆ ಪ್ಯಾರಿಟಿ ಎಂದು ಹೆಸರು; ಅದು ಒಂದೇ ಡಿಸ್ಕಿನಲ್ಲಿರದೆ ಸರದಿಯಂತೆ ನಾಲ್ಕರಲ್ಲಿಯೂ ಹಂಚಿರುತ್ತದೆ. ತಪ್ಪಾಗಿ ಅಳಿಸಿದ ಕಡತವನ್ನು ರೇಡ್ ಮರಳಿ ಕೊಡಲಾರದೆಂಬುದನ್ನು ಮರೆಯಬಾರದು. ಅದಕ್ಕೆ ಬೇರೆ ಪ್ರತಿಯೇ ಬೇಕು.

ಈ ಉಪಾಯಕ್ಕೆ ತೆರಬೇಕಾದ ಸುಂಕವೂ ಉಂಟು. ಒಂದು ಚಿಕ್ಕ ಭಾಗವನ್ನು ಬದಲಿಸಬೇಕಾದರೆ ಹಳೆಯ ಅಂಕವನ್ನೂ ಹಳೆಯ ಪ್ಯಾರಿಟಿಯನ್ನೂ ಓದಿ, ಲೆಕ್ಕ ಮಾಡಿ, ಹೊಸ ಅಂಕವನ್ನೂ ಹೊಸ ಪ್ಯಾರಿಟಿಯನ್ನೂ ಬರೆಯಬೇಕು. ಒಂದು ಬರೆವಣಿಗೆಗೆ ನಾಲ್ಕು ಕೆಲಸ! ನಿಮಿಷಕ್ಕೆ ೭೨೦೦ ಸುತ್ತು ತಿರುಗುವ ಡಿಸ್ಕಿಗೆ ಒಂದು ಸುತ್ತಿಗೆ ೮.೩೩ ಮಿಲಿಸೆಕೆಂಡು ಹಿಡಿಯುತ್ತದೆ. ಬೇಕಾದ ಜಾಗ ತಲೆಯ ಕೆಳಗೆ ಬರುವ ತನಕ ಕಾಯಲೇಬೇಕು.

ಈ ಕಷ್ಟವನ್ನು ತಗ್ಗಿಸಲೆಂದೇ ರೇಡ್ ಕಂಟ್ರೋಲರ್ ಕಾರ್ಡಿನ ಮೇಲೆ ಒಂದು ಪುಟ್ಟ ಕ್ಯಾಶ್ ಸ್ಮೃತಿಯಿರುತ್ತದೆ. ಮಾಟುಂಗದ ಉಡುಪಿ ಹೋಟೆಲಿನ ಮಾಣಿಯನ್ನು ನೆನೆಯಿರಿ. ನೀವು ದೋಸೆ ಹೇಳಿದೊಡನೆ "ಆಯಿತು" ಎಂದು ಮುಂದಿನ ಮೇಜಿಗೆ ಹೋಗುತ್ತಾನೆ. ನಾಲ್ಕೈದು ಮೇಜುಗಳದ್ದನ್ನು ಕೂಡಿಸಿ ಒಮ್ಮೆಲೇ ಅಡುಗೆಮನೆಗೆ ಹೇಳುತ್ತಾನೆ. ಕಾರ್ಡೂ ಹಾಗೆಯೇ "ಬರೆದೆ" ಎಂದು ಕೂಡಲೇ ಉತ್ತರವಿತ್ತು, ಚೂರುಗಳನ್ನು ಕೂಡಹಾಕಿ, ಪೂರ್ಣ ಸಾಲು ತುಂಬಿದಾಗ ಹಳೆಯದನ್ನು ಓದುವ ಗೋಜಿಲ್ಲದೆ ನಾಲ್ಕೂ ಡಿಸ್ಕುಗಳಿಗೆ ಒಟ್ಟಿಗೆ ಬರೆಯುತ್ತದೆ. ಆದರೆ ನಡುವೆ ವಿದ್ಯುತ್ತು ಹೋದರೆ? "ಬರೆದೆ" ಎಂದದ್ದು ಬರೆದೇ ಇರುವುದಿಲ್ಲ. ಆದುದರಿಂದ ಕಾರ್ಡಿಗೆ ಒಂದು ಬ್ಯಾಟರಿಯನ್ನು ಜೋಡಿಸಿ ಆ ಸ್ಮೃತಿಯನ್ನು ಕಾಪಾಡುತ್ತಾರೆ. ಬ್ಯಾಟರಿ ಮುದಿಯಾದರೆ ಕಾರ್ಡು ತಾನಾಗಿಯೇ ಎಚ್ಚರವಹಿಸಿ, ಒಂದೊಂದನ್ನೂ ಡಿಸ್ಕಿಗೆ ಮುಟ್ಟಿಸಿದ ಮೇಲೆಯೇ ಉತ್ತರ ಕೊಡತೊಡಗುತ್ತದೆ.

ನಾವು ಮೊದಲು ಡಿಸ್ಕುಗಳ ಆರೋಗ್ಯವನ್ನು ನೋಡಿದೆವು, ಏಕೆಂದರೆ ಒಂದೇ ಒಂದು ಡಿಸ್ಕು ಕೆಟ್ಟ ಜಾಗವನ್ನು ಮತ್ತೆ ಮತ್ತೆ ಓದಲು ಹೆಣಗುತ್ತಿದ್ದರೂ ಉಳಿದ ಮೂರು ಅದಕ್ಕಾಗಿ ಕಾಯಬೇಕಾಗುತ್ತದೆ. ನಾಲ್ಕೂ ಸ್ವಸ್ಥವಾಗಿದ್ದವು. ಬಳಿಕ ಕಾರ್ಡಿನ ನಿರ್ವಹಣಾ ತಂತ್ರಾಂಶವನ್ನು ತೆರೆದಾಗ ಎರಡು ಸಾಲುಗಳು ಕಂಡವು: ನಿಗದಿಯಾದ ಕ್ರಮ ರೈಟ್-ಬ್ಯಾಕ್, ಈಗಿನ ಕ್ರಮ ರೈಟ್-ಥ್ರೂ. ಕೆಳಗೆ, ಬ್ಯಾಟರಿ ವಿಫಲ.

ಹೊಸ ಬ್ಯಾಟರಿ ಬರಲು ಒಂದು ವಾರ ಬೇಕಾಗಿತ್ತು. ಬ್ಯಾಟರಿ ಇಲ್ಲದಿದ್ದರೂ ರೈಟ್-ಬ್ಯಾಕ್ ನಡೆಯಲಿ ಎಂಬ ಬಲವಂತದ ಆಜ್ಞೆಯೂ ಆ ತಂತ್ರಾಂಶದಲ್ಲಿದೆ. ಒಂದು ಗುಂಡಿಯನ್ನೊತ್ತಿದರೆ ಸಾಯಂಕಾಲದೊಳಗೆ ಕೆಲಸ ಮುಗಿಯುತ್ತಿತ್ತು. ಒತ್ತೋಣವೆಂದವರೂ ಇದ್ದರು, ನನಗೂ ಮನಸ್ಸಾಗದಿರಲಿಲ್ಲ. ಚಿತ್ರಗಳ ಪ್ರತಿಯೇನೋ ವಾಚನಾಲಯದಲ್ಲಿ ಇದ್ದೇ ಇತ್ತು. ಆದರೆ ಅದೇ ಡಿಸ್ಕುಗಳಲ್ಲಿ ನಿಮ್ಮ ಅಂಕಪಟ್ಟಿಗಳೂ ಶುಲ್ಕದ ಲೆಕ್ಕವೂ ಇದ್ದವು. ಕಡತಗಳ ಅನುಕ್ರಮಣಿಕೆಯನ್ನು ತಿದ್ದುವ ಕ್ಷಣದಲ್ಲಿಯೇ ಸ್ಮೃತಿ ಬರಿದಾದರೆ ಕೆಡುವುದು ಒಂದು ಚಿತ್ರವಲ್ಲ, ಇಡೀ ಸಂಗ್ರಹ. ಒತ್ತಲಿಲ್ಲ. ೨೦ ಮೆಗಾಬೈಟಿನ ವೇಗದಲ್ಲಿಯೇ ದಿನಕ್ಕಿಷ್ಟು ಎಂದು ಸಾಗಿಸಿದೆವು.

ಮೂರನೆಯ ದಿನ ಮಧ್ಯಾಹ್ನ ಭಾರಿ ಮಳೆ ಬಂದು, ಕಟ್ಟಡದ ಮೀಟರ್ ಕೋಣೆಗೆ ನೀರು ನುಗ್ಗಿ, ವಿದ್ಯುತ್ತನ್ನು ನಿಲ್ಲಿಸಬೇಕಾಯಿತು. ಯುಪಿಎಸ್ ಹತ್ತು ನಿಮಿಷವೂ ತಾಳಲಿಲ್ಲ. ಮರುದಿನ ಸರ್ವರನ್ನು ಎಬ್ಬಿಸಿ, ಪ್ಯಾರಿಟಿ ಎಲ್ಲೆಡೆ ಹೊಂದುತ್ತದೆಯೇ ಎಂಬ ಪರಿಶೀಲನೆಯನ್ನು ರಾತ್ರಿಯಿಡೀ ಓಡಿಸಿದೆವು. ಸಾಗುತ್ತಿದ್ದ ಎರಡು ಚಿತ್ರಗಳು ಅಪೂರ್ಣವಾಗಿದ್ದವು. ಅವನ್ನು ಮತ್ತೆ ಕಳುಹಿಸಿದೆವು. ಉಳಿದುದೆಲ್ಲವೂ ಇದ್ದಂತೆಯೇ ಇತ್ತು.

ಬ್ಯಾಟರಿ ಬಂದ ಮೇಲೆಯೂ ಅದು ತುಂಬುವ ತನಕ ಕಾರ್ಡು ತನ್ನ ಎಚ್ಚರವನ್ನು ಬಿಡಲಿಲ್ಲ. ಸಂಜೆ ಐದರ ಹೊತ್ತಿಗೆ ಪರದೆಯ ಮೇಲಿನ ವೇಗ ೧೧೦ ಮೆಗಾಬೈಟಿಗೆ ಏರಿತು. ಆಗ ಉಳಿದಿದ್ದುದು ಪ್ರವೇಶದ ರಿಜಿಸ್ಟರುಗಳ ಕೊನೆಯ ಕಂತು ಮಾತ್ರ.